ವಿಮೆ ಕೇಳುವ ಪ್ರಶ್ನೆ, ಓನರ್ ನುಂಗುವ ಉತ್ತರ

ಬೆಂಗಳೂರಿನ ಯಾವುದೇ ಬಡಾವಣೆಯ ಝೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿಕೊಡುವ ಬಾಡಿಗೆ ಕರಾರುಪತ್ರ ಹೆಚ್ಚು ಕಡಿಮೆ ಒಂದೇ ಅಚ್ಚಿನದು. ಹನ್ನೊಂದು ತಿಂಗಳ ಅವಧಿ, ಏಕೆಂದರೆ ಒಂದು ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಬೇಕು. ಐದನೇ ತಾರೀಕಿನೊಳಗೆ ಬಾಡಿಗೆ. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿತ. ಗೋಡೆಗೆ ಮೊಳೆ ಹೊಡೆಯಕೂಡದು. ಕೊನೆಗೆ ಫ್ಯಾನು, ಗೀಸರು, ಟ್ಯೂಬ್‌ಲೈಟುಗಳ ಲೆಕ್ಕ. ಮೊಳೆಯ ವಿಚಾರದಲ್ಲಿ ಇಷ್ಟು ಜಾಗ್ರತೆ ವಹಿಸುವ ಈ ಪತ್ರ, ಮನೆಯೇ ಸುಟ್ಟುಹೋದರೆ ಅಥವಾ ರಾಜಕಾಲುವೆ ಉಕ್ಕಿ ಕೆಳಮನೆ ವಾಸಕ್ಕೆ ಬಾರದಂತಾದರೆ ನಷ್ಟ ಯಾರ ತಲೆಗೆ ಎಂಬ ಬಗ್ಗೆ ಒಂದಕ್ಷರ ಆಡುವುದಿಲ್ಲ. ಮನೆಗೆ ವಿಮೆ ಇದೆಯೇ ಎಂದು ಓನರನ್ನು ಬಾಡಿಗೆದಾರ ಕೇಳುವುದಿಲ್ಲ, ಬ್ರೋಕರ್ ಕೇಳುವುದಿಲ್ಲ. ಓನರೂ ತನ್ನನ್ನು ತಾನು ಕೇಳಿಕೊಂಡಿರುವುದಿಲ್ಲ.

ಕರಾರು ಬಾಯಿ ಮುಚ್ಚಿಕೊಂಡ ಕಡೆ ಕಾನೂನು ಮಾತಾಡುತ್ತದೆ. ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಇವತ್ತಿನ ದರದಲ್ಲಿ ಅಂದರೆ ಬಹುಪಾಲು ಮನೆಗಳು ಬರುವುದಿಲ್ಲ. ಅವನ್ನು ಆಳುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಮಿನ ಒಂದು ಮಾತು ಪ್ರತಿಯೊಬ್ಬ ಓನರೂ ಓದಬೇಕಾದ್ದು: ಬೆಂಕಿ, ಬಿರುಗಾಳಿ, ಪ್ರವಾಹ ಅಥವಾ ಗುಂಪಿನ ದಾಂಧಲೆಯಿಂದ ಮನೆಯ ಮುಖ್ಯ ಭಾಗ ನಾಶವಾಗಿ ಅದು ಕೊಟ್ಟ ಉದ್ದೇಶಕ್ಕೆ ಒದಗದಂತಾದರೆ, ಕರಾರನ್ನು ಅಲ್ಲಿಗೇ ಮುರಿದುಕೊಳ್ಳುವ ಆಯ್ಕೆ ಬಾಡಿಗೆದಾರನದು. ತಪ್ಪು ಅವನದೇ ಆಗಿದ್ದರೆ ಮಾತ್ರ ಆ ಆಯ್ಕೆ ಇಲ್ಲ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸುವ ಹೊಣೆ ಅವನಿಗಿದೆ ನಿಜ, ಆದರೆ ಸಹಜ ಸವಕಳಿಗೂ ತಡೆಯಲಾಗದ ಶಕ್ತಿಗೂ ಅವನು ಹೊಣೆಯಲ್ಲ. ಇನ್ನು ಅವನು ಮುರಿದುಕೊಳ್ಳದೆ ಕುಳಿತರೆ? ಕಟ್ಟಡ ಬಿದ್ದ ಮಾತ್ರಕ್ಕೆ ಬಾಡಿಗೆ ಹಕ್ಕು ತಾನಾಗಿ ಅಳಿಯುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಹೋಗುವುದೂ ಉಳಿಯುವುದೂ ಅವನ ಇಚ್ಛೆ, ಕಟ್ಟಿಸುವ ಖರ್ಚು ಮಾತ್ರ ಓನರದು.

ಇಲ್ಲಿ ಓನರುಗಳ ಉತ್ತರ ಸಿದ್ಧವಾಗಿರುತ್ತದೆ: ಅದಕ್ಕೇ ಅಲ್ಲವೇ ಅಡ್ವಾನ್ಸ್ ತೆಗೆದುಕೊಂಡಿರುವುದು. ಹತ್ತು ತಿಂಗಳ ಅಡ್ವಾನ್ಸ್ ಎಂಬ ಬೆಂಗಳೂರಿನ ವಾಡಿಕೆ ಬೇರೆ ಊರಿನವರನ್ನು ಬೆಚ್ಚಿಬೀಳಿಸುವಂಥದ್ದು. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಎನ್ನುತ್ತದೆ. ಆದರೆ ಹತ್ತು ತಿಂಗಳೆಂದರೂ ಎಷ್ಟು? ಸಾವಿರ ಚದರಡಿಯ ಮನೆ, ಚದರಡಿಗೆ 2,200 ರೂಪಾಯಿ ಕಟ್ಟುವ ಖರ್ಚು, 22,000 ಬಾಡಿಗೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಕಟ್ಟಡದ ಬೆಲೆ 22 ಲಕ್ಷ, ಅಡ್ವಾನ್ಸ್ 2.2 ಲಕ್ಷ. ಹತ್ತನೇ ಒಂದು ಪಾಲು. ಆ ಪಾಲಾದರೂ ಓನರ್ ಕೈಯಲ್ಲಿ ಉಳಿಯುತ್ತದೆಯೇ ಎಂದರೆ ಅದೂ ಇಲ್ಲ. ಅಡ್ವಾನ್ಸ್ ಅನ್ನುವುದು ಸಾಲ. ಬಾಡಿಗೆದಾರ ಹೊರಟ ದಿನ ಎಣಿಸಿ ಕೊಡಬೇಕಾದ ಹಣ. ಮನೆ ಹಾಳಾಗಿ ಬಾಡಿಗೆ ನಿಂತ ತಿಂಗಳಲ್ಲೇ ಕಾನೂನು ಬಾಡಿಗೆದಾರನಿಗೆ ಹೊರಡುವ ಹಕ್ಕು ಕೊಡುವುದರಿಂದ, ಆ ಸಾಲ ತೀರಿಸುವ ಗಡುವೂ ಅದೇ ತಿಂಗಳು ಬರುತ್ತದೆ. ಮುರಿದ ನಲ್ಲಿಗೆ, ಒಡೆದ ವಾಷ್‌ಬೇಸಿನ್ನಿಗೆ ಅಡ್ವಾನ್ಸ್ ಸರಿ. ಸುಟ್ಟ ಮನೆಯ ಎದುರಿಗೆ ಅದು ಇನ್ನೊಂದು ಹೊರೆ.

ಭೋಗ್ಯದ ಮನೆಗಳಲ್ಲಿ ಈ ಹೊರೆ ಹಲವು ಪಟ್ಟು. ಲೀಸ್ ಎಂದೇ ಬಾಯಲ್ಲಿ ನಿಂತಿರುವ ಈ ಪದ್ಧತಿಯಲ್ಲಿ ಬಾಡಿಗೆದಾರ ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾನೆ. ಓನರ್ ಆ ಹಣದಲ್ಲಿ ಮೇಲೊಂದು ಅಂತಸ್ತು ಏರಿಸಿಯೋ ಮಗಳ ಮದುವೆ ಮಾಡಿಯೋ ಆಗಿರುತ್ತದೆ. ಹಣ ಹಿಂದಿರುಗಿಸುವ ದಾರಿ ಒಂದೇ, ಮುಂದಿನ ಲೀಸುದಾರನನ್ನು ಹುಡುಕುವುದು. ಮನೆ ವಾಸಕ್ಕೆ ಬಾರದಂತಾದರೆ ಮುಂದಿನವನು ಬರುವುದಿಲ್ಲ, ಇದ್ದವನು ಹಣ ಕೇಳುತ್ತಾನೆ. ವಿಮೆ ಇದ್ದರೂ ಇಲ್ಲಿ ಅದರ ಒಂದು ಕೈ ಕಟ್ಟಿಹಾಕಿದಂತೆ: ತಿಂಗಳ ಬಾಡಿಗೆಯೇ ಇಲ್ಲದ ಕಡೆ ಬಾಡಿಗೆ ನಷ್ಟವೆಂದು ತೋರಿಸಲು ಅಂಕಿಯೇ ಇರುವುದಿಲ್ಲ. ಕಟ್ಟಡದ ದುರಸ್ತಿಗೆ ಹಣ ಬರಬಹುದು, ಲೀಸಿನ ಹಣ ತೀರಿಸಲು ಬರುವುದಿಲ್ಲ. ಲೀಸಿಗೆ ಕೊಡುವವರು ವಿಮೆಯ ಬಗ್ಗೆ ಮಿಕ್ಕ ಓನರುಗಳಿಗಿಂತ ಹೆಚ್ಚು ಯೋಚಿಸಬೇಕಿತ್ತು. ಹಾಗೆ ಯೋಚಿಸುವವರಾಗಿದ್ದರೆ ಬಹುಶಃ ಲೀಸಿಗೇ ಕೊಡುತ್ತಿರಲಿಲ್ಲ.

ಹಾಗಾದರೆ ಕೊಳ್ಳಲು ಸಿಗುವುದೇನು? 'ಓನರುಗಳ ವಿಮೆ' ಎಂಬ ಹಣೆಪಟ್ಟಿಯ ಪ್ರತ್ಯೇಕ ಸರಕನ್ನು ನಮ್ಮ ಮಾರುಕಟ್ಟೆಯಲ್ಲಿ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎಂಬ ಪಾಲಿಸಿಯನ್ನು ಜಾರಿಗೆ ತಂದಿತು. ಮನೆಗಳ ಬೆಂಕಿ ವಿಮೆ ಮಾರುವ ಕಂಪನಿಗಳೆಲ್ಲ ಇದನ್ನು ಒದಗಿಸಲೇಬೇಕು, ಒಕ್ಕಣೆ ಎಲ್ಲರದೂ ಒಂದೇ, ದರ ಮಾತ್ರ ಅವರವರದು. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಪ್ರವಾಹ, ಭೂಕುಸಿತ, ಮರ ಬೀಳುವುದು, ವಾಹನ ಬಂದು ಗುದ್ದುವುದು, ಗಲಭೆ, ನೀರಿನ ತೊಟ್ಟಿ ಅಥವಾ ಪೈಪು ಒಡೆಯುವುದು, ಭಯೋತ್ಪಾದನೆ ಎಲ್ಲವೂ ಒಳಗೆ. ಕಾಂಪೌಂಡು, ಸಂಪು, ಛಾವಣಿಯ ಸೋಲಾರ್ ಕೂಡ ಕಟ್ಟಡದ ಲೆಕ್ಕಕ್ಕೇ ಸೇರುತ್ತವೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ನಿಮ್ಮ ಸಾಮಾನಿಗೂ ಪಟ್ಟಿ ಕೊಡದೆಯೇ ರಕ್ಷಣೆ. ಫರ್ನಿಶ್ಡ್ ಮನೆ ಕೊಡುವವರಿಗೆ ಇದು ಚಿಕ್ಕ ವಿಷಯವಲ್ಲ. ಹತ್ತು ವರ್ಷದವರೆಗೂ ಒಟ್ಟಿಗೆ ಕೊಳ್ಳಬಹುದು, ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ತಾನೇ ಏರುತ್ತದೆ.

ಹಳೆಯ ಬೆಂಕಿ ವಿಮೆಯಲ್ಲಿದ್ದ ಒಂದು ಕೊಕ್ಕೆಯನ್ನು ಇದರಲ್ಲಿ ಬಿಡಿಸಿದ್ದಾರೆ. 20 ಲಕ್ಷದ ಕಟ್ಟಡಕ್ಕೆ 10 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ, ನಾಲ್ಕು ಲಕ್ಷದ ನಷ್ಟಕ್ಕೆ ಎರಡೇ ಲಕ್ಷ ಕೊಡುತ್ತಿದ್ದರು. ಅರ್ಧಕ್ಕೆ ವಿಮೆ, ಆದ್ದರಿಂದ ಅರ್ಧ ಪರಿಹಾರ ಎಂಬ ತರ್ಕ. ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ. ಹಾಗೆಂದು ಮೊತ್ತವನ್ನು ಮನಸ್ಸಿಗೆ ಬಂದಂತೆ ಬರೆಸುವುದೂ ತಪ್ಪು. ಲೆಕ್ಕ ಕಾರ್ಪೆಟ್ ವಿಸ್ತೀರ್ಣ ಮತ್ತು ಇಂದಿನ ಕಟ್ಟುವ ದರದ ಗುಣಾಕಾರ, ಸೈಟಿನ ಬೆಲೆಗೆ ಅಲ್ಲಿ ಜಾಗವಿಲ್ಲ. ಎಂಬತ್ತು ಲಕ್ಷಕ್ಕೆ ಕೊಂಡ ಫ್ಲಾಟಿಗೆ ಎಂಬತ್ತು ಲಕ್ಷದ ವಿಮೆ ಮಾಡಿಸುವವರು, ಸುಡದ ಕೊಚ್ಚಿಹೋಗದ ಭೂಮಿಗೂ ಪ್ರೀಮಿಯಂ ಕಟ್ಟುತ್ತಿರುತ್ತಾರೆ.

ಪಾಲಿಸಿಯೊಳಗೆ 'ಬಾಡಿಗೆ ನಷ್ಟ' ಎಂಬ ಅಂಶ ಇದೆ ಎಂದ ಕೂಡಲೇ ಓನರುಗಳ ಕಿವಿ ನೆಟ್ಟಗಾಗುತ್ತದೆ. ಅವರ ಮನಸ್ಸಿಗೆ ಬರುವ ಚಿತ್ರವೇ ಬೇರೆ: ಮೂರು ತಿಂಗಳು ಬಾಡಿಗೆ ಕೊಡದೆ, ಫೋನೂ ಎತ್ತದೆ, ಖಾಲಿಯೂ ಮಾಡದೆ ಕುಳಿತ ಬಾಡಿಗೆದಾರ. ಆ ನಷ್ಟಕ್ಕೆ ಇದರಲ್ಲಿ ಬಿಡಿಗಾಸೂ ಇಲ್ಲ. ವಿಮೆಗೆ ಒಳಪಟ್ಟ ಅವಘಡದಿಂದ ಕಟ್ಟಡ ವಾಸಕ್ಕೆ ಬಾರದಂತಾಗಿ, ಕಟ್ಟಡದ ಹಾನಿಯ ಕ್ಲೇಮನ್ನು ಕಂಪನಿ ಒಪ್ಪಿಕೊಂಡ ಮೇಲೆ, ದುರಸ್ತಿಗೆ ತಕ್ಕಷ್ಟು ಕಾಲ, ಗರಿಷ್ಠ ಮೂರು ವರ್ಷ, ತಪ್ಪಿಹೋದ ಬಾಡಿಗೆಯನ್ನು ಕೊಡುವ ಏರ್ಪಾಡು ಅದು. ವಾಸಯೋಗ್ಯವಲ್ಲವೆಂದು ಆರ್ಕಿಟೆಕ್ಟ್ ಅಥವಾ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ ಬೇಕು. ಮೇಲಿನ ಲೆಕ್ಕದ ಮನೆಯ ದುರಸ್ತಿಗೆ ಎಂಟು ತಿಂಗಳು ಹಿಡಿದರೆ 1.76 ಲಕ್ಷ. ನಿವೃತ್ತಿಯ ಮೇಲೆ ಬಾಡಿಗೆಯನ್ನೇ ಪೆನ್ಷನ್ ಎಂದುಕೊಂಡವರಿಗೆ ಎಂಟು ತಿಂಗಳು ಔಷಧಿ ಅಂಗಡಿಯಲ್ಲಿ ಸಾಲ ಹೇಳದೆ ಬದುಕುವ ಮೊತ್ತ. ಆದರೆ ಅದನ್ನು ಪಡೆಯಲು ಬಾಡಿಗೆ ಎಷ್ಟೆಂದು ಕಾಗದದ ಮೇಲೆ ಇರಬೇಕು. ತೆರಿಗೆಗೆ ಹೆದರಿ ಕರಾರಿನಲ್ಲಿ ಎಂಟು ಸಾವಿರ ಬರೆದು ಕೈಯಲ್ಲಿ ಹದಿನಾಲ್ಕು ಸಾವಿರ ನಗದು ಪಡೆಯುವ ಓನರಿಗೆ ಸಿಗುವುದು ಎಂಟು ಸಾವಿರದ ಲೆಕ್ಕ. ತಾನೇ ಬರೆದುಕೊಂಡ ಸುಳ್ಳು ಅಂದು ತನಗೇ ಎದುರು ಸಾಕ್ಷಿ.

ನನ್ನ ವಾದ ಇಲ್ಲಿಂದಲೇ ಹುಟ್ಟುತ್ತದೆ. ನಮ್ಮ ಬಾಡಿಗೆ ಮನೆಗಳಿಗೆ ವಿಮೆ ಇಲ್ಲದಿರುವುದಕ್ಕೆ ಪ್ರೀಮಿಯಮ್ಮಿನ ಭಾರ ಕಾರಣವಲ್ಲ. ಸಾಧಾರಣ ಮನೆಯ ಕಟ್ಟಡಕ್ಕೆ ವರ್ಷದ ಪ್ರೀಮಿಯಂ ಒಂದು ತಿಂಗಳ ಬಾಡಿಗೆಯ ಸಣ್ಣದೊಂದು ಚೂರು. ಅಸಡ್ಡೆಯೂ ಪೂರ್ತಿ ಕಾರಣವಲ್ಲ. ಇದೇ ಓನರುಗಳು ಕಾರಿಗೆ, ಆರೋಗ್ಯಕ್ಕೆ ತಪ್ಪದೆ ವಿಮೆ ಕಟ್ಟುತ್ತಾರೆ. ತೊಡಕು ವಿಮೆಯ ಸ್ವಭಾವದಲ್ಲಿದೆ. ಅದು ಪ್ರಶ್ನೆ ಕೇಳುವ ವ್ಯವಹಾರ. ಈ ಮನೆಯಲ್ಲಿ ಇರುವವರು ಯಾರು, ವಾಸಕ್ಕೋ ವ್ಯಾಪಾರಕ್ಕೋ, ಎಷ್ಟು ಅಂತಸ್ತು, ಯಾವಾಗ ಕಟ್ಟಿದ್ದು, ಆಮೇಲೆ ಏನು ಸೇರಿಸಿದಿರಿ, ಈಗ ಖಾಲಿಯಿದೆಯೇ? ಬಾಡಿಗೆಯ ಉದ್ಯೋಗ ನಮ್ಮಲ್ಲಿ ನಡೆದುಬಂದಿರುವುದೇ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡದೆ. ವಿಮಾ ಕಾನೂನಿನ ಬುನಾದಿಯೋ ಪರಮ ಸದ್ಭಾವ: ಅಪಾಯವನ್ನು ತೂಗಲು ಬೇಕಾದ ಸಂಗತಿಯನ್ನು ಮುಚ್ಚಿಟ್ಟರೆ ಒಪ್ಪಂದವೇ ಅಲುಗಾಡುತ್ತದೆ. ಹೀಗಾಗಿ ಓನರ್ ವಿಮೆ ಕೊಳ್ಳುವುದಿಲ್ಲ, ಕೊಂಡರೂ ಉತ್ತರ ನುಂಗಿ ಕೊಳ್ಳುತ್ತಾನೆ. ಎರಡನೆಯದು ಹೆಚ್ಚು ಅಪಾಯ, ರಕ್ಷಣೆ ಇದೆಯೆಂಬ ಭ್ರಮೆಯೂ ಅದರ ಜೊತೆಗೆ ಸಿಗುವುದರಿಂದ.

ಸರಳವಾದ ಒಂದನ್ನು ಮೊದಲು ನೋಡಿ. ಸ್ವಂತ ವಾಸದ ಮನೆಯೆಂದು ಪಾಲಿಸಿ ಕೊಂಡು ಆಮೇಲೆ ಬಾಡಿಗೆಗೆ ಕೊಟ್ಟರೆ, ಅಥವಾ ಮನೆಯ ಬಳಕೆ ಬದಲಾದರೆ, ಅದನ್ನು ಕಂಪನಿಗೆ ತಿಳಿಸುವ ಹೊಣೆ ಪಾಲಿಸಿದಾರನದು. ಒಂದು ಇಮೇಲಿನ ಕೆಲಸ. ಖಾಲಿ ಮನೆಯದ್ದೂ ಹೀಗೇ. ಹಳೆಯ ಬೆಂಕಿ ವಿಮೆಯಲ್ಲಂತೂ ಕಟ್ಟಡ ಸತತ 30 ದಿನಕ್ಕಿಂತ ಹೆಚ್ಚು ಯಾರೂ ಇಲ್ಲದೆ ಉಳಿದರೆ, ಮೊದಲೇ ಕಂಪನಿಯ ಒಪ್ಪಿಗೆ ಪಡೆದಿರದಿದ್ದರೆ, ರಕ್ಷಣೆಯೇ ನಿಂತುಹೋಗುತ್ತಿತ್ತು. ಯಾರೂ ಇಲ್ಲದ ಮನೆಯಲ್ಲಿ ಪೈಪು ಒಡೆದರೆ ಕೆಳಮನೆಯವರ ಸೀಲಿಂಗ್ ತೊಟ್ಟಿಕ್ಕುವವರೆಗೆ ಯಾರಿಗೂ ಗೊತ್ತಾಗುವುದಿಲ್ಲವೆಂಬುದು ಇದರ ಹಿಂದಿನ ಲೋಕಜ್ಞಾನ. ಡಲ್ಲಾಸಿನಲ್ಲೋ ಸಿಂಗಪುರದಲ್ಲೋ ಕುಳಿತು ಸರ್ಜಾಪುರ ರಸ್ತೆಯ ಫ್ಲಾಟಿಗೆ ಒಳ್ಳೆಯ ಟೆನೆಂಟ್ ಸಿಗಲೆಂದು ಆರು ತಿಂಗಳು ಕಾಯುವ ಕನ್ನಡಿಗರು ಈ ಷರತ್ತನ್ನು ತಮ್ಮ ಪಾಲಿಸಿಯಲ್ಲಿ ಹುಡುಕಿ ಓದುವುದು ಒಳಿತು. ಪಿ.ಜಿ. ನಡೆಸುವವರ ಕಥೆ ಇನ್ನೂ ಬೇರೆ. ಮೂರು ಹಂತದ ಮಂಚ ಹಾಕಿ ಮೂವತ್ತು ಜನರನ್ನು ಇರಿಸಿದ ಕಟ್ಟಡವನ್ನು ಗೃಹ ಎನ್ನುವುದು ಭಾಷೆಗೂ ಅಪಚಾರ. ಅದು ವ್ಯವಹಾರ, ಐದು ಕೋಟಿ ರೂಪಾಯಿವರೆಗಿನ ಆಸ್ತಿಯ ಅಂಥ ವ್ಯವಹಾರಗಳಿಗೆಂದೇ ಅದೇ 2021ರಲ್ಲಿ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಬೇರೆ ಪಾಲಿಸಿ ಬಂದಿದೆ. ಮಡಿಕೇರಿಯ ಸುತ್ತಿನ ಹೋಮ್‌ಸ್ಟೇ ಮಾಲೀಕರೂ ತಮ್ಮದು ಹೋಮೋ ಸ್ಟೇಯೋ ಎಂಬುದನ್ನು ಪ್ರೀಮಿಯಂ ಕಟ್ಟುವ ಮುಂಚೆಯೇ ಕಂಪನಿಯ ಜೊತೆ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಭೂಕುಸಿತದ ರಕ್ಷಣೆ ಏಕೆಂದು ವಿವರಿಸಬೇಕಿಲ್ಲ.

ನಿಜವಾಗಿ ನುಂಗಲಾಗದ ಪ್ರಶ್ನೆ ಕಟ್ಟಡದ್ದು. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೆಟ್ರೊ ಕಾಮಗಾರಿಯ ಕಾರ್ಮಿಕರು ಬಾಡಿಗೆಗಿದ್ದ ಹಳೆಯ ಮೂರು ಅಂತಸ್ತಿನ ಕಟ್ಟಡ ಹಗಲು ಹೊತ್ತಿನಲ್ಲೇ ಕುಸಿದುಬಿತ್ತು. ಒಳಗಿದ್ದವರು ಮೊದಲೇ ಹೊರಬಂದಿದ್ದರಿಂದ ಜೀವ ಉಳಿಯಿತು. ಮುಂದಿನ ತಿಂಗಳೇ ಕಸ್ತೂರಿನಗರದಲ್ಲಿ ಇನ್ನೊಂದು ವಸತಿ ಕಟ್ಟಡ ನೆಲಕ್ಕೊರಗಿತು, ಅದು ಹಳೆಯದೂ ಆಗಿರಲಿಲ್ಲ. ಇಂಥ ಕುಸಿತಕ್ಕೆ ವಿಮೆ ಸಿಗುತ್ತದೆಯೇ ಎಂದು ಕೇಳಿದರೆ ಪಾಲಿಸಿಯ ಸಣ್ಣ ಅಕ್ಷರಗಳು ನೇರವಾಗಿ ಉತ್ತರಿಸುತ್ತವೆ. ನೆಲ ಕುಸಿತಕ್ಕೆ ರಕ್ಷಣೆ ಉಂಟು, ಆದರೆ ಹೊಸ ಕಟ್ಟಡ ಸಹಜವಾಗಿ ಕುಳಿತುಕೊಳ್ಳುವುದು, ತುಂಬಿದ ಮಣ್ಣು ಸರಿಯುವುದು, ದೋಷದ ವಿನ್ಯಾಸ, ಕಳಪೆ ಕೆಲಸ, ಕಳಪೆ ಸಾಮಗ್ರಿ ಇವು ಕಾರಣವಾದರೆ ಇಲ್ಲ. ಪಾಲಿಸಿ ಕೊಂಡ ಮೇಲೆ ಕಾರ್ಪೆಟ್ ವಿಸ್ತೀರ್ಣದ ಶೇ 10ಕ್ಕಿಂತ ಹೆಚ್ಚನ್ನು ಹೊಸದಾಗಿ ಕಟ್ಟಿದ್ದರೆ, ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಿರದ ಪಕ್ಷದಲ್ಲಿ, ಆ ಭಾಗವೂ ಹೊರಗೆ. ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ಅಂತಸ್ತಿನ ಪಾಯಕ್ಕೆ ನಾಲ್ಕು ಅಂತಸ್ತು ಹೇರಿ, ಟೆರೇಸಿನ ಮೇಲೆ ಶೀಟು ಹೊದಿಸಿ 'ಸಿಂಗಲ್ ರೂಮ್' ಬೋರ್ಡು ತೂಗುಹಾಕುವ ನಗರದಲ್ಲಿ ಈ ಎರಡು ಸಾಲುಗಳ ತೂಕವೇನೆಂದು ಯೋಚಿಸಿ. ನಕ್ಷೆ ಮೀರಿದ ಮಹಡಿ ಬೆಂಕಿಯಲ್ಲಿ ಹೋಯಿತೆನ್ನಿ, ಅದನ್ನು ಮತ್ತೆ ಕಟ್ಟಲು ಯಾವ ಅಧಿಕಾರಿ ಅನುಮತಿ ಕೊಡಬೇಕು? ಕಟ್ಟಲು ಕಾನೂನು ಬಿಡದ್ದಕ್ಕೆ ಕಟ್ಟುವ ಖರ್ಚನ್ನು ಯಾರು ಕೊಡಬೇಕು?

ಆದ್ದರಿಂದ ವಿಮೆ ದಂಡ ಎಂದು ತೀರ್ಮಾನಿಸುವವರು ಇದ್ದಾರೆ. ನಾನು ಇದೇ ಸಾಕ್ಷ್ಯದಿಂದ ತಿರುಗಿದ ತೀರ್ಮಾನಕ್ಕೆ ಬರುತ್ತೇನೆ. ವಠಾರದ ಕಾಲದಲ್ಲಿ ಓನರ್ ಮನೆಯ ಮುಂಭಾಗದಲ್ಲೇ ಇರುತ್ತಿದ್ದ, ಮಾಡಿನ ಹೆಂಚು ಸರಿದರೆ ಅವನ ಕಣ್ಣಿಗೇ ಬೀಳುತ್ತಿತ್ತು. ಇವತ್ತು ಮನೆ ಒಂದು ಬಡಾವಣೆಯಲ್ಲಿ, ಓನರ್ ಇನ್ನೊಂದರಲ್ಲಿ, ಸಂಬಂಧ ಯುಪಿಐ ಸಂದೇಶದಲ್ಲಿ. ನಗರಪಾಲಿಕೆ ಮಳೆಗಾಲಕ್ಕೊಮ್ಮೆ ಶಿಥಿಲ ಕಟ್ಟಡಗಳ ಪಟ್ಟಿ ಮಾಡುತ್ತದೆ, ಮಳೆ ನಿಂತ ಮೇಲೆ ಪಟ್ಟಿಯೂ ನಿಲ್ಲುತ್ತದೆ. ಈ ಕಟ್ಟಡ ಏನು, ಹೇಗಿದೆ, ಯಾರಿದ್ದಾರೆ ಎಂದು ಹಣದ ಲೆಕ್ಕ ಇಟ್ಟುಕೊಂಡು ವರ್ಷಕ್ಕೊಮ್ಮೆ ಕೇಳುವವರು ವಿಮೆಯವರಲ್ಲದೆ ಬೇರೆ ಯಾರೂ ಉಳಿದಿಲ್ಲ. ಪ್ರಾಮಾಣಿಕವಾಗಿ ಅರ್ಜಿ ತುಂಬಲು ಕೂತ ಓನರಿಗೆ ತನ್ನ ಮೂರನೇ ಮಹಡಿ ಯಾವ ಸ್ಥಿತಿಯದೆಂದು ಅಲ್ಲೇ ಗೊತ್ತಾಗುತ್ತದೆ. ರಕ್ಷಣೆ ಸಿಗದ ಭಾಗ ಯಾವುದೆಂದು ತಿಳಿಯುವುದೂ ಅವನು ಪ್ರೀಮಿಯಂ ಕೊಟ್ಟು ಕೊಳ್ಳುವ ಮಾಲಿನ ಒಂದು ಪಾಲು.

ಆಕ್ಷೇಪಗಳಿಗೆ ಬರೋಣ. ಸಿಮೆಂಟು ಕಟ್ಟಡ ಸುಡುತ್ತದೆಯೇ ಎನ್ನುವವರು, ಕಾಂಕ್ರೀಟಿನೊಳಗಿನ ಕಬ್ಬಿಣ 550 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆಂಬುದನ್ನು ನೆನೆಯಬೇಕು. ಗೋಡೆ ನಿಂತೇ ಇರುತ್ತದೆ, ನಂಬಿ ಒಳಗೆ ಮಲಗಲು ಆಗುವುದಿಲ್ಲ. ಕರೆಂಟಿನ ಮೀಟರ್ ಬೋರ್ಡು, ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರು, ಗ್ಯಾಸ್ ಸಿಲಿಂಡರು ಎಲ್ಲ ಮೆಟ್ಟಿಲಿನ ಬುಡದಲ್ಲೇ ಸೇರುವುದು ನಮ್ಮ ಕಟ್ಟಡಗಳ ವಾಸ್ತು. ಇನ್ನು ನೀರು. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆ ಸುರಿದಾಗ ಬೆಳ್ಳಂದೂರು, ಯಮಲೂರಿನ ಸುತ್ತ ಟ್ರ್ಯಾಕ್ಟರಿನಲ್ಲಿ ಕೂತು ಮನೆ ಬಿಟ್ಟವರಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳವರೂ ಇದ್ದರು. ಸರಕಾರ ಕೊಡುತ್ತದಲ್ಲ ಎಂಬ ಭರವಸೆಯೂ ತೆಳ್ಳಗಿನದು: 2022ರಿಂದ ಜಾರಿಯಲ್ಲಿರುವ ವಿಪತ್ತು ಪರಿಹಾರದ ಮಾನದಂಡದಂತೆ ಪೂರ್ತಿ ಹಾಳಾದ ಪಕ್ಕಾ ಮನೆಗೆ ಬಯಲು ಪ್ರದೇಶದಲ್ಲಿ 1.2 ಲಕ್ಷ ರೂಪಾಯಿ.

ಬೆಲೆ ಇರುವುದು ಸೈಟಿಗೆ, ಕಟ್ಟಡ ಹೋದರೆ ಹೋಯಿತು ಎಂಬುದು ಇವೆಲ್ಲಕ್ಕಿಂತ ಗಟ್ಟಿ ವಾದ. ಜಯನಗರದ ಹಳೆ ಮನೆಯ ಮಟ್ಟಿಗೆ ಅದು ಪೂರ್ತಿ ನಿಜವೂ ಹೌದು. ಕೊಳ್ಳುವವನು ಮೊದಲು ತರಿಸುವುದೇ ಜೆಸಿಬಿ. ಆದರೆ ಮಾರುವವನಿಗೆ ಅದು ನಿಜ, ಬಾಡಿಗೆಗೆ ಕೊಡುವವನಿಗಲ್ಲ. ಸೈಟು ಬಾಡಿಗೆ ದುಡಿಯುವುದಿಲ್ಲ, ಅದರ ಮೇಲಿನ ಗೋಡೆ ಸೂರು ದುಡಿಯುತ್ತವೆ. ಬ್ಯಾಂಕಿನವರು ಸಾಲ ಕೊಡುವಾಗಲೇ ವಿಮೆ ಮಾಡಿಸಿದ್ದಾರೆ ಎನ್ನುವವರು ಆ ಕಾಗದವನ್ನು ತೆಗೆದು ನೋಡಬೇಕು. ಎಷ್ಟೋ ಸಲ ಅದು ಸಾಲಗಾರ ಸತ್ತರೆ ಸಾಲ ತೀರಿಸುವ ಜೀವವಿಮೆ, ಮನೆಗೂ ಅದಕ್ಕೂ ಸಂಬಂಧವಿಲ್ಲ. ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ನೆವ, ಅಸೋಸಿಯೇಷನ್ ನೋಡಿಕೊಳ್ಳುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಸಂಘಕ್ಕೆ ಒಟ್ಟು ಕಟ್ಟಡದ ವಿಮೆ ಮಾಡಿಸುವ ಅವಕಾಶ ಕೊಟ್ಟಿದೆ, ತಂತಮ್ಮ ಮನೆಗೆ ಪ್ರತ್ಯೇಕ ವಿಮೆ ಮಾಡಿಸುವ ಹಕ್ಕನ್ನು ಮಾಲೀಕರಿಗೇ ಉಳಿಸಿದೆ. ಸಂಘದ ಪಾಲಿಸಿಯಲ್ಲಿ ನಿಮ್ಮ ಬಾಡಿಗೆ ನಷ್ಟವಾಗಲಿ ಒಳಗಿನ ಕಪಾಟುಗಳಾಗಲಿ ಸೇರಿವೆಯೇ ಎಂಬುದು ವಾರ್ಷಿಕ ಸಭೆಯಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲಾದರೂ ಕೇಳಬೇಕಾದ ಪ್ರಶ್ನೆ.

ಕ್ಲೇಮ್ ಕೊಡುವುದಿಲ್ಲ, ಏನಾದರೊಂದು ನೆಪ ತೆಗೆಯುತ್ತಾರೆ ಎಂಬ ದೂರನ್ನು ಹಗುರಾಗಿ ತಳ್ಳಿಹಾಕಲಾರೆ. ಕನ್ನಡದಲ್ಲಿ ಕರಾರು ಮಾಡಿಕೊಳ್ಳುವ ಮನುಷ್ಯನಿಗೆ ಇಂಗ್ಲಿಷಿನ ಪುಟಗಟ್ಟಲೆ ಷರತ್ತನ್ನು ಪಿಡಿಎಫ್ ಕಳಿಸಿ, 'ಓದಿ ಒಪ್ಪಿದ್ದೇನೆ' ಎಂದು ಟಿಕ್ ಹಾಕಿಸಿಕೊಳ್ಳುವ ಉದ್ಯಮ ಸದ್ಭಾವವನ್ನು ಒಂದೇ ಕಡೆಯಿಂದ ನಿರೀಕ್ಷಿಸುತ್ತಿದೆ. ಕಡಿಮೆ ಪ್ರೀಮಿಯಮ್ಮಿನ ಮನೆ ವಿಮೆಯಲ್ಲಿ ಕಮಿಷನ್ನೂ ಕಡಿಮೆಯಾದ್ದರಿಂದ ಏಜೆಂಟರು ಅದರ ಮಾತನ್ನೇ ಎತ್ತುವುದಿಲ್ಲ. ಸರಕಾರದ ನಡೆಯೂ ವಿಚಿತ್ರ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಮನೆಯ ವಿಮೆಗೆ ಶೇ 18 ಹಾಗೇ ಉಳಿಯಿತು. ಇಷ್ಟಾದರೂ ಕ್ಲೇಮಿನ ಜಗಳಗಳಲ್ಲಿ ಕಂಪನಿಯ ಕೈಗೆ ಸಿಗುವ ಹರಿತ ಆಯುಧ ಪಾಲಿಸಿದಾರ ಮುಚ್ಚಿಟ್ಟ ಸಂಗತಿಯೇ. ಬಾಡಿಗೆಗೆ ಕೊಟ್ಟದ್ದನ್ನು, ಮಹಡಿ ಏರಿಸಿದ್ದನ್ನು ಮುಂಚೆಯೇ ಬರೆದು ತಿಳಿಸಿದವನ ಎದುರು ಆ ಆಯುಧ ಮೊಂಡು. ಅಷ್ಟಾಗಿಯೂ ತಿರಸ್ಕರಿಸಿದರೆ ಜೆ.ಪಿ. ನಗರದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. 50 ಲಕ್ಷ ರೂಪಾಯಿವರೆಗಿನ ದೂರು ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರೂ ಬೇಡ. ಮತ್ತೊಂದು ಮಾತು: ಬಚ್ಚಲಿನ ಗೋಡೆಯ ತೇವ, ಟೆರೇಸಿನ ಸೋರಿಕೆ, ಸವೆದ ವೈರಿಂಗು ಇವಕ್ಕೆ ವಿಮೆ ಕೇಳಿ ಬೈಸಿಕೊಂಡು ಬರುವವರ ಬಗ್ಗೆ ನನಗೆ ಸಹಾನುಭೂತಿ ಇಲ್ಲ. ಮೆಲ್ಲಗೆ ಆಗುವ ಹಾನಿ ನಿರ್ವಹಣೆಯ ಬಾಬ್ತು. ಅದನ್ನು ತಡೆಯಬೇಕಾದದ್ದು ಪ್ಲಂಬರ್.

ಆ ನಿರ್ವಹಣೆಗೆಂದು ಓನರಿಗೆ ದೇಶ ವರ್ಷವರ್ಷವೂ ವಿನಾಯಿತಿ ಕೊಡುತ್ತಿದೆ ಎಂಬುದು ಹೆಚ್ಚು ಜನ ಗಮನಿಸದ ಸಂಗತಿ. 1961ರ ಆದಾಯ ತೆರಿಗೆ ಕಾಯ್ದೆಯ 24ನೇ ಕಲಮಿನಲ್ಲಿ ಹಿಂದೆ ಬಾಡಿಗೆ ಆದಾಯದಿಂದ ಕಳೆಯಬಹುದಾದ ಖರ್ಚುಗಳ ಪಟ್ಟಿ ಇತ್ತು, ಅದರಲ್ಲಿ ಕಟ್ಟಡದ ವಿಮಾ ಪ್ರೀಮಿಯಮ್ಮಿಗೆ ತನ್ನದೇ ಸಾಲಿತ್ತು. 2001ರ ಹಣಕಾಸು ಕಾಯ್ದೆ ಆ ಪಟ್ಟಿಯನ್ನು ಅಳಿಸಿ, ಖರ್ಚು ಮಾಡಿದರೂ ಬಿಟ್ಟರೂ ನೇರವಾಗಿ ಶೇ 30 ಕಡಿತ ಎಂದಿತು. ಹೊಸ 2025ರ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಲೆಕ್ಕ ಸುಲಭವಾಯಿತು ನಿಜ. ಆದರೆ ವಿಮೆಗೆ ಕಟ್ಟಿದ ರಸೀದಿಗೆ ಬೆಲೆ ಇದ್ದ ಕಾಲ ಹೋಗಿ, ಕಟ್ಟದೆ ಇದ್ದವನಿಗೂ ಅಷ್ಟೇ ಲಾಭ ಎಂಬ ಕಾಲ ಬಂತು. ವರ್ಷಕ್ಕೆ 2.64 ಲಕ್ಷ ಬಾಡಿಗೆ ಬರುವ ನಮ್ಮ ಲೆಕ್ಕದ ಮನೆಯಲ್ಲಿ ಹೀಗೆ ಸುಮಾರು 79,000 ರೂಪಾಯಿ ತೆರಿಗೆಯ ಲೆಕ್ಕದಿಂದ ಆಚೆ ಉಳಿಯುತ್ತದೆ, ದುರಸ್ತಿಗೆ ವಿಮೆಗೆ ಖರ್ಚಾಗಿದೆಯೆಂಬ ಊಹೆಯ ಮೇಲೆ. ಪ್ರೀಮಿಯಂ ದುಬಾರಿ ಎಂದು ಗೊಣಗುವವರು ಈ ಅಂಕಿಯ ಪಕ್ಕದಲ್ಲಿ ಅದನ್ನಿಟ್ಟು ನೋಡಲಿ.

ಬಾಡಿಗೆದಾರನ ಕಡೆಗೂ ಒಂದು ಸುತ್ತು ತಿರುಗಬೇಕು, ಏಕೆಂದರೆ ಓನರಿನ ಪಾಲಿಸಿ ಅವನ ಟಿವಿ, ಫ್ರಿಜ್, ಮಂಚಕ್ಕೆ ರಕ್ಷಣೆ ಕೊಡುವುದಿಲ್ಲ. ಅವನು ಸಾಮಾನಿಗೆ ಮಾತ್ರವಾಗಿ ಇದೇ ಗೃಹ ರಕ್ಷಾ ಕೊಳ್ಳಬಹುದು. ಅವನ ಅಜಾಗರೂಕತೆಯಿಂದ ಬೆಂಕಿ ಬಿದ್ದಿದ್ದರೆ, ಓನರಿಗೆ ಹಣ ಕೊಟ್ಟ ಕಂಪನಿ ಓನರಿನ ಜಾಗದಲ್ಲಿ ನಿಂತು ಅವನಿಂದ ವಸೂಲಿಗೆ ಇಳಿಯಬಹುದು ಎಂಬುದು ವಿಮಾ ಕಾನೂನಿನ ಹಳೆಯ ತತ್ತ್ವ. ಗ್ಯಾಸ್ ಸಿಲಿಂಡರಿನ ಅಪಘಾತಕ್ಕೆ ತೈಲ ಕಂಪನಿಗಳೇ ಮಾಡಿಸಿಟ್ಟ ಸಾರ್ವಜನಿಕ ಹೊಣೆಗಾರಿಕೆ ವಿಮೆ ಉಂಟು: ಸಾವಿಗೆ ತಲಾ ಆರು ಲಕ್ಷ, ಆಸ್ತಿ ಹಾನಿಗೆ ಗ್ರಾಹಕನ ನೋಂದಾಯಿತ ವಿಳಾಸದಲ್ಲಿ ಗರಿಷ್ಠ ಎರಡು ಲಕ್ಷ. 'ನೋಂದಾಯಿತ ವಿಳಾಸ' ಎಂಬ ಮಾತನ್ನು ಗಮನಿಸಿ. ಊರಿನ ವಿಳಾಸದ ಸಿಲಿಂಡರನ್ನೋ ಅಂಗಡಿಯಲ್ಲಿ ತುಂಬಿಸಿದ ಸಣ್ಣ ಸಿಲಿಂಡರನ್ನೋ ಇಟ್ಟು ಅಡುಗೆ ಮಾಡುವ ಪೋರ್ಷನ್ನಿನಲ್ಲಿ ಆ ಎರಡು ಲಕ್ಷವೂ ಕೈಗೆ ಸಿಗುವುದು ಕಷ್ಟ. ಇನ್ನು ಓನರಿನ ಬಾಲ್ಕನಿಯ ಕಟಕಟೆ ಮುರಿದು ದಾರಿಹೋಕನ ಮೇಲೆ ಬಿದ್ದರೆ ಗೃಹ ರಕ್ಷಾದ ಮೂಲ ರೂಪ ನೆರವಿಗೆ ಬಾರದು. ಅದಕ್ಕೆ ಮೂರನೆಯವರ ಹೊಣೆಗಾರಿಕೆಯ ಭಾಗವನ್ನು ಕೇಳಿ ಸೇರಿಸಿಕೊಳ್ಳಬೇಕು. ಕಳ್ಳತನವೂ ಹಾಗೇ, ಅವಘಡದ ಬೆನ್ನಿಗೆ ಏಳು ದಿನದೊಳಗೆ ಆದದ್ದಕ್ಕೆ ಮಾತ್ರ ಅದರಲ್ಲಿ ಜಾಗ.

ಇದೆಲ್ಲವನ್ನೂ ಕಾಗದಕ್ಕೆ ಇಳಿಸಲು ಝೆರಾಕ್ಸ್ ಅಂಗಡಿಯ ಆ ಕರಾರಿನಲ್ಲೇ ಜಾಗವಿದೆ. ಕಟ್ಟಡದ ವಿಮೆ ಓನರದು, ಪಾಲಿಸಿಯ ಪ್ರತಿ ಬಾಡಿಗೆದಾರನಿಗೆ. ಒಳಗಿನ ಸಾಮಾನಿನ ವಿಮೆ ಬಾಡಿಗೆದಾರನದು. ಗ್ಯಾಸ್ ಸಂಪರ್ಕ ಈ ವಿಳಾಸಕ್ಕೇ ವರ್ಗವಾಗಿರಬೇಕು. ಅವಘಡದಿಂದ ಮನೆ ವಾಸಕ್ಕೆ ಬಾರದಿದ್ದರೆ ಆ ದಿನದಿಂದ ಬಾಡಿಗೆ ನಿಲ್ಲುತ್ತದೆ, ಅಡ್ವಾನ್ಸ್ ಇಷ್ಟು ದಿನದೊಳಗೆ ವಾಪಸ್. ನಿಜವಾದ ಬಾಡಿಗೆ ಎಷ್ಟೋ ಅಷ್ಟನ್ನೇ ಬರೆಯುವುದು. ಐದಾರು ಸಾಲು ಸಾಕು. ಗೋಡೆಗೆ ಮೊಳೆ ಹೊಡೆಯಬಾರದೆಂಬ ಷರತ್ತು ಮತ್ತು ಗೀಸರಿನ ಲೆಕ್ಕ, ಇವೆರಡರ ನಡುವೆ ಹಿಡಿಸುತ್ತದೆ.